ಹತ್ತಿರದ ಕೆರೆ ಅಂದ್ರೆ ನಂಬಬೇಡಿ

ಸಂಪಾದಕರಿಗೆ ನಮಸ್ಕಾರ.

ನಾನು ಚಿಕ್ಕಮಗಳೂರಿನವನು, ಈಗ ಇರುವುದು ಅಮೆರಿಕದ ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿ. ಈ ಪತ್ರ ಇಲ್ಲಿರುವ ನಮ್ಮಂಥವರಿಗಲ್ಲ. ಊರಲ್ಲಿ ನಿಮ್ಮ ಪತ್ರಿಕೆ ಓದುತ್ತಾ, ಮಕ್ಕಳ ಮನೆಗೆ ಬರಲು ಸೂಟ್‌ಕೇಸಿಗೆ ಚಟ್ನಿಪುಡಿ ತುಂಬುತ್ತಿರುವ ಅಪ್ಪ ಅಮ್ಮಂದಿರಿಗೆ. ಬಂದು ವಾರ ಕಳೆಯುವುದರೊಳಗೆ ಮಗನೋ ಮಗಳೋ ‘ಹತ್ತಿರದಲ್ಲೇ ಒಂದು ಕೆರೆ ಇದೆ, ಕಾರಲ್ಲಿ ಒಂದೇ ಗಂಟೆ’ ಅಂತಾರೆ. ನಾನೂ ಹಾಗೇ ಅಂದಿದ್ದೆ.

ಕೆರೆಯ ಹೆಸರು ಸ್ನೋ ಲೇಕ್. ಆಲ್ಪೈನ್ ಲೇಕ್ಸ್ ವೈಲ್ಡರ್‌ನೆಸ್ ಅಂತ 1976ರಲ್ಲಿ ಕಾಯ್ದೆ ಮಾಡಿ ಉಳಿಸಿಕೊಂಡ ಕಾಡಿನಲ್ಲಿದೆ. ಅಲ್ಲಿ ಇಂಥ ಕೆರೆಗಳು 700ಕ್ಕೂ ಜಾಸ್ತಿ. ರಸ್ತೆ ಇಲ್ಲ, ಅಂಗಡಿ ಇಲ್ಲ, ಸೈಕಲ್ಲನ್ನೂ ಬಿಡುವುದಿಲ್ಲ. ನಡೆದು ಹೋಗುವ ದಾರಿಯ ಶುರುವಿನಲ್ಲಿ ಒಂದು ಮರದ ಪೆಟ್ಟಿಗೆ ಇರುತ್ತೆ, ಅದರೊಳಗಿನ ಚೀಟಿಯಲ್ಲಿ ನಾವೇ ಹೆಸರು, ಎಷ್ಟು ಜನ ಅಂತ ಬರೆದು ಹಾಕಬೇಕು. ಅಪ್ಪ ಕನ್ನಡಕ ಏರಿಸಿಕೊಂಡು ಮೋಟು ಪೆನ್ಸಿಲ್ಲಿನಲ್ಲಿ ಮುದ್ದಾಗಿ ಬರೆದರು. ‘ಯಾರೂ ಚೆಕ್ ಮಾಡಲ್ವೇನೋ?’ ಅಂತ ಎರಡು ಸಲ ಕೇಳಿದರು.

ಅದು ಜೂನ್ ತಿಂಗಳು. ಅಪ್ಪನ ಕಾಲಲ್ಲಿ ಬಾಟಾ ಚಪ್ಪಲಿ. ಶೂ ಹಾಕ್ಕೊಳ್ಳಿ ಅಂದರೆ, ‘ಮುಳ್ಳಯ್ಯನಗಿರಿ ಇದರಲ್ಲೇ ಹತ್ತಿದೀನಿ’ ಅಂದರು. ಲೆಕ್ಕದಲ್ಲಿ ಅವರದ್ದೇ ಸರಿ, ಮುಳ್ಳಯ್ಯನಗಿರಿ 6,300 ಅಡಿ, ಈ ದಾರಿಯ ತುದಿಯ ಏಣು ಸುಮಾರು 4,400 ಅಡಿ ಅಷ್ಟೇ. ಆದರೆ ನಮ್ಮ ಆಗುಂಬೆಯಲ್ಲಿ ಮಳೆ ಸುರಿದ ಹಾಗೆ ಇಲ್ಲಿ ಹಿಮ ಸುರಿಯುತ್ತೆ, ವರ್ಷಕ್ಕೆ 400 ಇಂಚಿನ ಆಸುಪಾಸು, ಅದು ಪೂರ್ತಿ ಕರಗಲು ಎಷ್ಟೋ ಸಲ ಜುಲೈ ಆಗುತ್ತೆ. ಕೆಳಗೆ ಬಿಸಿಲು, ಟೀ ಶರ್ಟ್ ಸಾಕು. ಅರ್ಧ ದಾರಿ ದಾಟಿದರೆ ಇಳಿಜಾರಿನ ತುಂಬಾ ಬಿಳಿ, ದಾರಿಯೇ ಕಾಣಲ್ಲ. ಅಪ್ಪ ಒಂದು ಹೆಜ್ಜೆ ಇಟ್ಟರು, ಹಿಮ ಕುಸಿದು ಮೊಣಕಾಲವರೆಗೆ ಕಾಲು ಒಳಗೆ ಹೋಯ್ತು. ಕೆಳಗಡೆ ನೀರು ಹರಿಯುವ ಸದ್ದು. ಹಿಮದ ಅಡಿಯಲ್ಲಿ ಹಳ್ಳ ಇತ್ತು! ಕಾಲು ಬಂತು, ಚಪ್ಪಲಿ ಬರಲಿಲ್ಲ. ಫೋನ್ ತೆಗೆದರೆ ಸಿಗ್ನಲ್ ಇಲ್ಲ. ನನ್ನ ಎರಡು ಜೊತೆ ಸಾಕ್ಸ್ ಹಾಕಿಕೊಂಡು, ನನ್ನ ಹೆಗಲು ಹಿಡಿದು, ಒಂದೂ ಮಾತಾಡದೆ ಇಳಿದರು. ಕೆರೆ ನೋಡಲಿಲ್ಲ. ತಪ್ಪು ನನ್ನದೇ, ಹೊರಡುವ ಮುಂಚೆ ದಾರಿಯ ಸ್ಥಿತಿ ಹೇಗಿದೆ ಅಂತ ನೋಡಿರಲಿಲ್ಲ. ಮನೆಯಿಂದ ಒಂದು ಗಂಟೆ ಅಂದ ತಕ್ಷಣ ಪಾರ್ಕಿಗೆ ಹೋದ ಹಾಗೆ ಅಂದ್ಕೊಂಡುಬಿಡ್ತೀವಿ ಅಲ್ವಾ, ಅದೇ ಆಗಿದ್ದು.

ಅದಕ್ಕೇ ಹೇಳ್ತಿದ್ದೀನಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋಗಿ. ಹಿಡಿತ ಇರುವ ಶೂ ಊರಲ್ಲೇ ಕೊಂಡು, ಹಾಕಿ ಪಳಗಿಸಿಕೊಂಡು ಬನ್ನಿ. ಬಿಸಿಲಿದ್ದರೂ ಸ್ವೆಟರ್ ಇರಲಿ. ಹೋಗಿ ಬರಲು 7 ಮೈಲಿ, ಅಂದರೆ 11 ಕಿಲೋಮೀಟರ್‌ಗೂ ಜಾಸ್ತಿ, ಮಂಡಿನೋವು ಇದ್ದರೆ ಮಕ್ಕಳಿಗೆ ಸಂಕೋಚವಿಲ್ಲದೆ ಹೇಳಿ. ನಾಲ್ಕೈದು ಮನೆಯವರು ಸೇರಿ ಚಿತ್ರಾನ್ನ ಕಟ್ಟಿಕೊಂಡು ಹೋಗೋಣ ಅಂದರೂ ಆಗಲ್ಲ, ಒಂದು ಗುಂಪಿಗೆ 12 ಜನ ಮಾತ್ರ.

ಅಪ್ಪ ಈ ವರ್ಷ ಮತ್ತೆ ಬರ್ತಿದ್ದಾರೆ. ಮೊನ್ನೆ ವಿಡಿಯೊ ಕಾಲ್‌ನಲ್ಲಿ ಹೊಸ ಶೂ ತೋರಿಸಿ, ‘ಆ ಚಪ್ಪಲಿ ಇನ್ನೂ ಅಲ್ಲೇ ಇರುತ್ತೇನೋ?’ ಅಂದರು.

ಇಂತಿ,
ಒಬ್ಬ ಓದುಗ, ರೆಡ್ಮಂಡ್