ಮೊದಲು ಗಣಿಯ ಬುಡ ನೋಡಿ, ಶಾಸಕರೇ

ಮಾನ್ಯ ಶಾಸಕರಿಗೆ ರಾಯಚೂರು ಜಿಲ್ಲೆಯ ಒಬ್ಬ ರೈತನ ನಮಸ್ಕಾರ.

ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಸ್ವೀಕೃತಿ ಸಿಕ್ಕಿದೆ, ಜೋಪಾನವಾಗಿ ಇಟ್ಟಿದ್ದೇನೆ. ಉತ್ತರ ಬರಲಿಲ್ಲ. ಅದಕ್ಕೇ ನಾಲ್ಕನೆಯದನ್ನು ಊರೆಲ್ಲ ಓದಲಿ ಅಂತ ಬರೆಯುತ್ತಿದ್ದೇನೆ.

ಹೋದ ದೀಪಾವಳಿ ಹೊತ್ತಿಗೆ, ತೊಗರಿ ಹೂ ಬಿಟ್ಟಿದ್ದಾಗ, ಬಂಗಾರ ಹುಡುಕುವ ಕೊರೆಯುವ ಯಂತ್ರ ನನ್ನ ಹೊಲಕ್ಕೆ ನುಗ್ಗಿತು. ನೆಲದಿಂದ ತೆಗೆದ ಕಲ್ಲಿನ ಕೋಲುಗಳನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿದ್ದರು. ನಮ್ಮವ್ವ ನೋಡಿ, "ಇದರಾಗ ಬಂಗಾರ ಎಲ್ಲದ ಯಪ್ಪಾ?" ಅಂದಳು. "ಕಣ್ಣಿಗಿ ಕಾಣಂಗಿಲ್ಲ ಅವ್ವಾ" ಅಂದ ಯಂತ್ರದ ಹುಡುಗ. ಇರಲಿ. ರಾಡಿ ನೀರಿಗೆಂದು ತೋಡಿದ್ದ ಗುಂಡಿ ಕಣ್ಣಿಗೆ ಕಾಣುತ್ತಿತ್ತಲ್ಲ, ಅದನ್ನಾದರೂ ಮುಚ್ಚಿ ಹೋಗಬಾರದಿತ್ತೇ? ಮೇಲೆ ಒಣಗಿ ಕೆನೆಗಟ್ಟಿತ್ತು. ನನ್ನ ಎತ್ತು ಕಾಲಿಟ್ಟು ಹೂತುಕೊಂಡಿತು, ಮುಂಗಾಲು ಮುರಿಯಿತು. ಎರೆ ಮಣ್ಣು, ಸಾಹೇಬರೇ. ಹಗ್ಗ ಕಟ್ಟಿ ಎಳೆಯಲು ಎಂಟು ಜನ ಬೇಕಾದರು. ಆರನೇ ದಿನ ಸತ್ತಿತು. ಗುತ್ತಿಗೆದಾರನಿಗೆ ಫೋನ್ ಮಾಡಿದರೆ, "ಬಂಗಾರ ಸಿಕ್ಕರೆ ನಿಮ್ಮೂರೇ ಉದ್ಧಾರ" ಅಂದ.

1915ರಲ್ಲಿ ಬಂಗಾರದ ಬೆನ್ನು ಹತ್ತಿ ಬಂದ ಬೀಡನ್ ಎಂಬ ಎಂಜಿನಿಯರನಿಗೆ ಮಸ್ಕಿಯಲ್ಲಿ ಅಶೋಕನ ಶಾಸನ ಸಿಕ್ಕಿತು. ಇವರಿಗೆ ನನ್ನ ಎತ್ತು ಸಿಕ್ಕಿತು.

ಬಂಗಾರ ಬೇಡ ಅನ್ನುವವನಲ್ಲ ನಾನು. ಹಟ್ಟಿ ಬಂಗಾರದ ಗಣಿಯಲ್ಲಿ ಶಾಫ್ಟ್ ಇಳಿದು ದುಡಿದ ನೆಂಟರು ನನಗೂ ಇದ್ದಾರೆ. ನಾನು ಕೇಳುವುದು ಇಷ್ಟೇ: ಈಗಾಗಲೇ ತೋಡಿರುವ ತೆರೆದ ಗಣಿಯ ಬುಡ ಮೊದಲು ನೋಡಿ. ಆ ಗಣಿಯನ್ನೇ ಆಳ ಮಾಡುತ್ತ ಹೋದರೆ ಗೋಡೆ ಕುಸಿಯದಿರಲೆಂದು ಬಾಯಿಯನ್ನೂ ಅಗಲ ಮಾಡಬೇಕಾಗುತ್ತದೆ, ಅದು ಹಿಗ್ಗುವುದು ಹೊಲಗಳ ಕಡೆಗೇ. ಸುರಂಗವಾದರೆ ಮೇಲಿನ ನೆಲ ಅಷ್ಟು ಹೋಗುವುದಿಲ್ಲ. ಆದರೆ ಟನ್ನಿಗೆ ಒಂದೆರಡು ಗ್ರಾಂ ಸಿಗುವ ಕಲ್ಲಿಗೆ ಸುರಂಗದ ಖರ್ಚು ಗಿಟ್ಟದು, ಇನ್ನೂ ಹೆಚ್ಚು ಬಂಗಾರವಿರುವ ಅದಿರು ಬೇಕು. ಅದು ಕೆಳಗಿದೆಯೋ ಇಲ್ಲವೋ ಅನ್ನುವುದು ಗಣಿಯ ಅಂಚಿನಿಂದಲೇ ಓರೆಯಾಗಿ ಕೊರೆದರೆ ತಿಳಿಯುತ್ತದೆ. ಕೋಲಾರದಲ್ಲಿ ಬಂಗಾರದ ಬೆನ್ನು ಹತ್ತಿ 3 ಕಿಲೋಮೀಟರಿಗೂ ಕೆಳಗೆ ಇಳಿದಿದ್ದರು. ಇಲ್ಲಿ ನನ್ನ ತೊಗರಿಯೇ ಬೇಕಾಯಿತೇ?

ಹೊಲಕ್ಕೆ ಹಾನಿಯಾದರೆ ಪರಿಹಾರ ಕೊಡಬೇಕೆನ್ನುವ 1957ರ ಗಣಿ ಕಾಯ್ದೆಯ 24ಎ ಕಲಂ ತಮಗೆ ನಾನು ಓದಿ ಹೇಳಬೇಕಿಲ್ಲ.

ಮುಂಗಾರಿಗೆ ಮೊದಲು ಎತ್ತಿನ ದುಡ್ಡು ಕೊಡಿಸಿ, ಒಂಟೆತ್ತಿನಿಂದ ಬಿತ್ತಲಾಗದು. ರಾಡಿ ಗುಂಡಿ ಮುಚ್ಚಿಸಿ. ಹೊಸ ಹೊಲಕ್ಕೆ ಯಂತ್ರ ಕಳಿಸುವ ಮುಂಚೆ ಹಳೆ ಗಣಿಯ ಬುಡ ನೋಡಿಸಿ, ಏನು ಸಿಕ್ಕಿತೆಂದು ಊರಿಗೆ ಹೇಳಿಸಿ. ಮೊದಲು ಬುಡ ನೋಡಿ.

ಇದಕ್ಕೆ ಸ್ವೀಕೃತಿ ಬೇಡ.

ಇಂತಿ,
ಒಂಟೆತ್ತಿನ ರೈತ