ಕೋಷ್ಟಕದ ನಡುವಿನ ಗೆರೆ

ಪ್ರಿಯ ತಮ್ಮ,

ಮುಂದೊಂದು ಕಾಲದ ಕರಾಳ ರಾಜ್ಯದ ಬಗ್ಗೆ ನೀನು ಬರೆದ ಕಾದಂಬರಿಯ ಹಸ್ತಪ್ರತಿ ಕೈಸೇರಿ ಎರಡು ತಿಂಗಳಾಯಿತು. ಉತ್ತರ ತಡವಾಗಿದ್ದಕ್ಕೆ ಕಣ್ಣಿನ ಪೊರೆ ಅರ್ಧ ಕಾರಣ. ಇನ್ನರ್ಧ ಕಾರಣವನ್ನು ಮುಂದೆ ಹೇಳುತ್ತೇನೆ. "ಇದೂ ಆಗಲಿಲ್ಲ ಅಂದ್ರೆ ಬರೆಯೋದೇ ಬಿಟ್ಟುಬಿಡ್ತೀನಿ ಸಾರ್" ಅಂತ ಕೊನೆಯಲ್ಲಿ ಗೀಚಿದ್ದೀಯಲ್ಲ, ಅದನ್ನು ಓದಿ ಹೊಟ್ಟೆ ಚುರುಕ್ ಅಂತು, ಸಿಟ್ಟೂ ಬಂತು. ಬಿಡೋದಾದರೆ ಬಿಡು ಮಾರಾಯ, ಕನ್ನಡಕ್ಕೇನೂ ನಷ್ಟವಿಲ್ಲ. ಆದರೆ ಅರುವತ್ಮೂರನೇ ಪುಟ ಬರೆದವನು ಬಿಟ್ಟರೆ ನನಗೆ ಬೇಜಾರಾಗುತ್ತದೆ.

ಅಧ್ಯಾಯ ಎಷ್ಟುದ್ದ ಇರಬೇಕು, ಯಾವ ಪ್ರಕಾಶಕರಿಗೆ ಕಳಿಸಬೇಕು, ಇಂಗ್ಲಿಷ್ ಪದ ಎಷ್ಟು ಬೆರೆಸಬಹುದು ಅಂತೆಲ್ಲ ಕೇಳಿದ್ದೀಯ. ಅದನ್ನೆಲ್ಲ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ, ಅವರನ್ನೇ ಕೇಳು.

ನನ್ನ ತಕರಾರು, ಅಂಥದೇ ಐದು ಹೆಸರಾಂತ ಕಾದಂಬರಿಗಳನ್ನು ಹೋಲಿಸಿ ನೀನು ಜೊತೆಗಿಟ್ಟ ಆ ಕೋಷ್ಟಕದ ಮೇಲೆ. ಸ್ಕೇಲಿಟ್ಟು ಗೆರೆ ಎಳೆದಿದ್ದೀಯ, ಎಡಕ್ಕೆ 'ಸಮಾಜ', ಬಲಕ್ಕೆ 'ನಾಯಕ'. ಎಡಗಡೆ ಚೆನ್ನಾಗಿಯೇ ಇದೆ. ಆರ್ವೆಲ್‌ನ '1984'ರ ಓಷಿಯಾನಿಯಾ ಹೆದರಿಸಿ ಆಳುತ್ತದೆ, ಹಕ್ಸ್‌ಲಿಯ 'ಬ್ರೇವ್ ನ್ಯೂ ವರ್ಲ್ಡ್'ನ ವಿಶ್ವರಾಜ್ಯ ಸೋಮಾ ಎಂಬ ಮತ್ತಿನ ಗುಳಿಗೆ ಕೊಟ್ಟು ಆಳುತ್ತದೆ, ಜಮ್ಯಾತಿನ್‌ನ 'ವೀ'ಯ ಏಕರಾಜ್ಯದಲ್ಲಿ ಮನೆಗಳಿಗೆ ಗಾಜಿನ ಗೋಡೆ, ಬ್ರಾಡ್‌ಬರಿಯ 'ಫ್ಯಾರನ್‌ಹೀಟ್ 451'ರಲ್ಲಿ ಗೋಡೆಯಗಲದ ಟೀವಿ, ಅಟ್‌ವುಡ್‌ಳ 'ದ ಹ್ಯಾಂಡ್‌ಮೇಡ್ಸ್ ಟೇಲ್'ನ ಗಿಲಿಯಡ್‌ನಲ್ಲಿ ಬೈಬಲ್ ಹಿಡಿದ ಗಂಡಸರು. ಸರಿ. ಬಲಗಡೆ ನೋಡಿದರೆ ಐದು ಜನರಿಗೂ ಒಂದೇ ಮಾತು: 'ವ್ಯವಸ್ಥೆಯ ವಿರುದ್ಧ ಸಿಡಿದೇಳುತ್ತಾನೆ'. ಅಟ್‌ವುಡ್ ಮುಂದೆ 'ಳೆ' ಅಂತ ತಿದ್ದಿದ್ದೀಯ, ಅಷ್ಟೇ ವ್ಯತ್ಯಾಸ.

ಆರ್ವೆಲ್ ಸರಿಯೋ ಹಕ್ಸ್‌ಲಿ ಸರಿಯೋ ಅನ್ನುವ ಚರ್ಚೆಗೆ ನಾನು ಬರೋದಿಲ್ಲ. ಅದನ್ನು ಹಕ್ಸ್‌ಲಿಯೇ 1949ರ ಅಕ್ಟೋಬರಿನಲ್ಲಿ ಶುರುಮಾಡಿದ್ದ. ಈಟನ್ ಶಾಲೆಯಲ್ಲಿ ತಾನು ಫ್ರೆಂಚ್ ಕಲಿಸಿದ್ದ ಹುಡುಗನಿಗೆ, ಅಂದರೆ ಇದೇ ಆರ್ವೆಲ್‌ಗೆ, ಕಾಗದ ಬರೆದು, ನಿನ್ನ ಪುಸ್ತಕವೇನೋ ಚೆನ್ನಾಗಿದೆ, ಆದರೆ ಮುಂದೆ ಆಳುವವರು ನಾನು ಹೇಳಿದ ದಾರಿಯನ್ನೇ ಹಿಡಿಯುತ್ತಾರೆ ಅಂದ. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ!

ನಾನು ಕೇಳುವುದು ಬೇರೆ. ಈ ನಾಯಕರು ಬೆಳಗ್ಗೆ ಎದ್ದು ಯಾವ ಕೆಲಸಕ್ಕೆ ಹೋಗುತ್ತಾರೆ? ವಿನ್‌ಸ್ಟನ್ ಸ್ಮಿತ್ ಓಷಿಯಾನಿಯಾದ ಸತ್ಯ ಸಚಿವಾಲಯದಲ್ಲಿ ಹಳೇ ಪತ್ರಿಕೆಗಳನ್ನು ಆಳುವವರಿಗೆ ಬೇಕಾದ ಹಾಗೆ ತಿದ್ದುವವನು. ಆ ಕೆಲಸವೇ ಅವನ ಬದುಕಿನ ದೊಡ್ಡ ಸುಖ ಅಂತ ಆರ್ವೆಲ್ ಬಾಯಿಬಿಟ್ಟು ಬರೆದಿದ್ದಾನೆ. ಒಂದು ಬೆಳಗ್ಗೆ, ಇಲ್ಲದ ಒಬ್ಬ ವೀರನನ್ನು ಸೃಷ್ಟಿಸುತ್ತಾನೆ, ಕಾಮ್ರೇಡ್ ಓಗಿಲ್ವಿ. ಮೂರನೇ ವಯಸ್ಸಿಗೇ ಡೋಲು, ಬಂದೂಕು, ಆಟದ ಹೆಲಿಕಾಪ್ಟರ್ ಬಿಟ್ಟು ಬೇರೆ ಆಟಿಕೆ ಮುಟ್ಟದ ಕೂಸು! ಎಷ್ಟು ಖುಷಿಯಿಂದ ಕಟ್ಟುತ್ತಾನೆ ನೋಡು. ಬಂಡಾಯಕ್ಕೆ ಸೇರುವಾಗಲಾದರೂ ಶುದ್ಧನಾಗಿರುತ್ತಾನಾ? ಅಗತ್ಯ ಬಿದ್ದರೆ ಮಗುವಿನ ಮುಖಕ್ಕೆ ಆಸಿಡ್ ಎರಚುತ್ತೀಯಾ ಅಂದರೆ ಹೂಂ ಅನ್ನುತ್ತಾನೆ. ಮುಂದೆ ಚಿತ್ರಹಿಂಸೆಯ ಕೋಣೆಯಲ್ಲಿ, ಬಂಡಾಯಗಾರನ ಸೋಗು ಹಾಕಿ ಆ ಪ್ರಶ್ನೆ ಕೇಳಿದ್ದ ಪಕ್ಷದ ಅಧಿಕಾರಿ ಓಬ್ರಿಯನ್ ಆ ಧ್ವನಿಯನ್ನೇ ಅವನಿಗೆ ವಾಪಸ್ ಕೇಳಿಸುತ್ತಾನೆ. ಇದನ್ನೆಲ್ಲ ಬರೆದವನು ಬರ್ಮಾದಲ್ಲಿ ಐದು ವರ್ಷ ಬ್ರಿಟಿಷರ ಪೊಲೀಸನಾಗಿದ್ದವನು. 1941ರಿಂದ 43ರವರೆಗೆ ಬಿಬಿಸಿಯಲ್ಲಿ ಕೂತು ನಮ್ಮ ದೇಶಕ್ಕೆ ಬಿತ್ತರವಾಗುವ ಮಾತು ಬರೆದು, ಸೆನ್ಸಾರ್ ದಾಟಿಸಿದವನು. ವಿನ್‌ಸ್ಟನ್‌ನ ಬೆರಳ ಮಸಿ ಎಲ್ಲಿಂದ ಬಂತು ಅಂತ ಇನ್ನು ನಾನು ಹೇಳಬೇಕೆ?

ಜಮ್ಯಾತಿನ್ ಕೂಡ ಅಷ್ಟೆ. ಹಡಗಿನ ಎಂಜಿನಿಯರು, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಿಂತು ರಷ್ಯಾಕ್ಕೆ ಹಿಮ ಒಡೆಯುವ ಹಡಗು ಕಟ್ಟಿಸಿದವನು. ಅವನ ನಾಯಕ ಡಿ-503 ಏಕರಾಜ್ಯದ ಆಕಾಶನೌಕೆ ಕಟ್ಟುವವನು. ದಿನಚರಿ ಶುರುಮಾಡುವುದೇ ರಾಜ್ಯವನ್ನು ಹೊಗಳಲಿಕ್ಕೆ. ಬ್ರಾಡ್‌ಬರಿಯ ಮಾಂಟಾಗ್ ಹತ್ತು ವರ್ಷ ಪುಸ್ತಕ ಸುಟ್ಟವನು, ಮೊದಲ ಸಾಲಿನಲ್ಲೇ ಅವನಿಗೆ ಸುಡುವುದು ಸುಖ. ಅಟ್‌ವುಡ್‌ಳ ಆಫ್ರೆಡ್ ಯಾರನ್ನೂ ಸುಡಲಿಲ್ಲ, ನಿಜ. ಆದರೆ ಹಿಂದಿನ ಒಳ್ಳೆಯ ದಿನಗಳಲ್ಲಿ ಪೇಪರಿನ ಸುದ್ದಿಗಳನ್ನು ತಾವು ಹೇಗೆ ಕಂಡೂ ಕಾಣದ ಹಾಗೆ ಬದುಕಿದೆವು ಅನ್ನೋದನ್ನು ನೆನೆಯುತ್ತಾಳೆ.

ಇವರಲ್ಲಿ ಯಾರೂ ಆ ಸಮಾಜದ ಎದುರಿಗೆ ನಿಂತವರಲ್ಲ, ಅದರ ಸಂಬಳ ತಿಂದವರು. ನಿನ್ನ ಗೆರೆ ಎಲ್ಲಿ ಎಳೆಯುತ್ತೀಯ ಈಗ? ನಿನ್ನ ನಾಯಕನೋ, ಎರಡನೇ ಪುಟದಲ್ಲೇ ಮುಷ್ಟಿ ಬಿಗಿದಿದ್ದಾನೆ. ಅವನು ಏನು ಕೆಲಸ ಮಾಡುತ್ತಾನೆ ಅಂತ ಇನ್ನೂರ ಹತ್ತು ಪುಟ ಹುಡುಕಿದೆ, ಸಿಗಲಿಲ್ಲ.

ಈಗ ಆ ಇನ್ನರ್ಧ ಕಾರಣ. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂದಾಗ ನನಗೆ ಇಪ್ಪತ್ತೆರಡು. ಒಂದು ವಾರಪತ್ರಿಕೆಯಲ್ಲಿ ಪ್ರೂಫ್ ನೋಡುತ್ತಿದ್ದೆ. ಬಸ್ಸಿನ ಮೇಲೆಲ್ಲ 'ಮಾತು ಕಡಿಮೆ, ಹೆಚ್ಚು ದುಡಿಮೆ' ಅಂತ ಬರೆಸಿದ್ದ ಕಾಲ. ವಾಚಕರ ವಾಣಿಗೆ ಒಬ್ಬ ತಾಯಿಯ ಕಾಗದ ಬಂದಿತ್ತು. ಮಗನನ್ನು ಪೊಲೀಸರು ಕರೆದುಕೊಂಡು ಹೋಗಿ ಇಪ್ಪತ್ತು ದಿನವಾಯಿತು, ಯಾವ ಜೈಲು ಅಂತಲಾದರೂ ತಿಳಿದವರು ಹೇಳಿ, ಅಷ್ಟೇ. ಅಚ್ಚಿನ ಮೊಳೆ ಜೋಡಿಸಿ ಆಗಿತ್ತು. ಗ್ಯಾಲಿ ಪ್ರೂಫಿನ ಒದ್ದೆ ಕಾಗದದ ಮೇಲೆ ಹದಿನಾಲ್ಕು ಸಾಲು. ಸೆನ್ಸಾರಿನವರು ಅದನ್ನಿನ್ನೂ ನೋಡಿರಲಿಲ್ಲ. ಸಂಪಾದಕರೂ ಏನೂ ಹೇಳಿರಲಿಲ್ಲ. ನಾನೇ ಕೆಂಪು ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದೆ. ಮೊಳೆ ಜೋಡಿಸುವ ಕಂಪೋಸಿಟರು ನನಗಿಂತ ಹಿರಿಯರು, ಏನೂ ಕೇಳದೆ ಮೊಳೆ ಬಿಚ್ಚಿದರು. ಆಮೇಲೆ, "ಹದ್ನಾಲ್ಕು ಸಾಲು ಖಾಲಿ ಬಿತ್ತಲ್ಲ, ಏನ್ ಹಾಕ್ಲಿ?" ಅಂದರು. ನಿಂತಲ್ಲೇ ಬರೆದುಕೊಟ್ಟೆ: ಮಕ್ಕಳ ಕೆಮ್ಮಿಗೆ ದೊಡ್ಡಪತ್ರೆ ರಸ. ಸರಿಯಾಗಿ ಹದಿನಾಲ್ಕೇ ಸಾಲು! ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆಗ ಒಂದು ಖುಷಿಯಾಯಿತು ನೋಡು. ಹೆದರಿಕೆಯನ್ನಾದರೂ ಮರೆತೇನು, ಆ ಖುಷಿಯನ್ನು ಮರೆಯಲಿಕ್ಕಾಗಿಲ್ಲ.

ಹತ್ತು ವರ್ಷದ ಮೇಲೆ ಅದೇ ಕಾಲದ ಬಗ್ಗೆ ಕಾದಂಬರಿ ಬರೆದೆ. ಅದರಲ್ಲಿ ಪ್ರೂಫ್ ನೋಡುವ ಹುಡುಗ ಆ ಕಾಗದವನ್ನು ಅಂಗಿಯೊಳಗೆ ಬಚ್ಚಿಟ್ಟು, ರಾತ್ರಿ ಕದ್ದು ಅಚ್ಚುಮಾಡಿ ಹಂಚುತ್ತಾನೆ. ಬಹುಮಾನ ಬಂತು. 'ಆತ್ಮಸಾಕ್ಷಿಯ ದನಿ' ಅಂತ ಒಬ್ಬರು ವಿಮರ್ಶೆ ಬರೆದರು, ಅದನ್ನು ಕತ್ತರಿಸಿ ಡೈರಿಯಲ್ಲಿಟ್ಟುಕೊಂಡೆ. ಹಕ್ಸ್‌ಲಿಯ ಬರ್ನಾರ್ಡ್ ಮಾರ್ಕ್ಸ್ ನೆನಪಿದ್ದಾನಾ? ತನ್ನನ್ನು ಯಾರೂ ಹತ್ತಿರ ಸೇರಿಸದಿದ್ದಾಗ ಸಮಾಜವನ್ನು ಬೈಯುತ್ತಿದ್ದವನು, 'ಅನಾಗರಿಕರ' ಮೀಸಲು ಪ್ರದೇಶದಿಂದ ಜಾನ್ ಅನ್ನುವ ಹುಡುಗನನ್ನು ಕರೆತಂದು ಊರಿಗೆಲ್ಲ ಬೇಕಾದವನಾದ ತಕ್ಷಣ ಆ ಸಮಾಜ ಅವನಿಗೆ ಸಲೀಸಾಗುತ್ತದೆ. ಆ ಅಧ್ಯಾಯ ಬಂದರೆ ನಾನು ಈಗಲೂ ಪುಟ ಬೇಗ ತಿರುಗಿಸುತ್ತೇನೆ.

ಕಂಪೋಸಿಟರಿಗೂ ಒಂದು ಪ್ರತಿ ಕೊಟ್ಟಿದ್ದೆ. ಓದಿ ಮುಗಿಸಿ, ಕನ್ನಡಕ ಒರೆಸುತ್ತಾ ಒಂದೇ ಮಾತು ಕೇಳಿದರು: "ದೊಡ್ಡಪತ್ರೆ ಎಲ್ಲಿ?"

ನಿನ್ನ ನಾಯಕ ನನ್ನ ಆ ಹುಡುಗನ ತದ್ರೂಪು. ಅದಕ್ಕೇ ಉತ್ತರ ಬರೆಯಲು ಕೈ ಬರಲಿಲ್ಲ. ನಿನ್ನನ್ನು ಹೊಗಳುವವರು ಸಿಕ್ಕೇ ಸಿಗುತ್ತಾರೆ, ಇಂಥ ನಾಯಕರಿಗೆ ಬೇಡಿಕೆ ಯಾವತ್ತೂ ಇದೆ. ಸಿಕ್ಕರೆ ಊಟ ಮಾಡಿ ಬಾ, ಪುಸ್ತಕ ತಿದ್ದುವಾಗ ಅವರ ಮಾತು ತರಬೇಡ.

ಅರುವತ್ಮೂರನೇ ಪುಟ. ನಿನ್ನ ಆ ಮುಂದಿನ ಕಾಲದ ಬೆಂಗಳೂರಿನಲ್ಲಿ, ಸರ್ಕಾರ ಕೊಟ್ಟ ಅಂಕ ಕಡಿಮೆಯಾದವರ ಮನೆಗೆ ನೀರು ನಿಲ್ಲಿಸಲು ಒಬ್ಬ ನೀರುಗಂಟಿ ಬರುತ್ತಾನೆ. ಕೂತು ವಾಲ್ವ್ ತಿರುಗಿಸುತ್ತಾನೆ, ಪಕ್ಕದ ಮನೆಯವರು ಕೊಟ್ಟ ಕಾಫಿ ಕುಡಿಯುತ್ತಾನೆ, ಲೋಟ ತೊಳೆಯಬೇಕು ಅಂತ ಎದ್ದವನು ನಲ್ಲಿ ನೋಡಿ ಸುಮ್ಮನೆ ಕೆಳಗಿಡುತ್ತಾನೆ. ಎಂಟೇ ಸಾಲು. ಆಮೇಲೆ ಅವನನ್ನು ಬಿಟ್ಟು ಮತ್ತೆ ಮುಷ್ಟಿಯವನ ಹಿಂದೆ ಓಡಿದ್ದೀಯಲ್ಲೋ!

ಅವನ ಹೆಸರೇನು? ಆ ವಾಲ್ವ್ ಎಷ್ಟು ಸುತ್ತು ತಿರುಗಿಸಬೇಕು? ಸಲೀಸಾಗಿ ತಿರುಗಿದರೆ ಅವನಿಗೆ ಹೇಗನ್ನಿಸುತ್ತದೆ? ಅವನ ಮನೆಯಲ್ಲಿ ನೀರು ಬರುತ್ತದಾ? ಇಷ್ಟು ಬರೆದು ಕಳಿಸು. ಹಸ್ತಪ್ರತಿ ಅಂಚೆಯಲ್ಲಿ ವಾಪಸ್ ಬರುತ್ತಿದೆ. ಆ ಪುಟದ ಮೂಲೆ ಮಡಚಿದ್ದೇನೆ.

ಇಂತಿ,
ನಿನ್ನ ಹಿತೈಷಿ