ಮದ್ದಳೆ ಉಳಿಸಿಕೊಟ್ಟ ಹಿರಿಯರಿಗೆ

ತುಳು ತಿಂಗಳು ಬೇಶದ ಹತ್ತನೇ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ನಮ್ಮ ಯಕ್ಷಗಾನ ಮೇಳದ ಈ ವರ್ಷದ ತಿರುಗಾಟ ಮುಗಿಯಿತು. ಮೇ ತಿಂಗಳ ಮಳೆಗೆ ನಾವು ವೇಷ ಕಟ್ಟುವ ಚೌಕಿ ಸೋರಿದ ರಾತ್ರಿ ನೆರವಿಗೆ ಬಂದು, ಹೆಸರೂ ಹೇಳದೆ ಹೋದ ಹಿರಿಯರೇ, ನಿಮಗೆ ಮೇಳದವರೆಲ್ಲರ ನಮಸ್ಕಾರ.

ತೇವ ಹೀರಿದ ಚರ್ಮ ಸಡಿಲವಾಗಿ ಮದ್ದಳೆಯ ಶ್ರುತಿ ಇಳಿಯುತ್ತದೆ, ಹಾಡುವ ಭಾಗವತರ ಶ್ರುತಿಗೆ ಕೂಡುವುದೇ ಇಲ್ಲ. ಅವಸರಕ್ಕೆ ಬೆಂಕಿಗೆ ಹಿಡಿದರೆ ಚರ್ಮದ ನಡುವಿನ ಕಪ್ಪು ಲೇಪ, ಅಂದರೆ ಕರ್ಣ, ಬಿರುಕು ಬಿಡುತ್ತದೆ. ನೀವು ಅದಕ್ಕೆ ಬಿಡಲಿಲ್ಲ. ಒಣ ಪಂಚೆಯಿಂದ ಒತ್ತಿ ಒರೆಸಿ, ಚೌಕಿಯ ದೊಡ್ಡ ಬಲ್ಬಿನಿಂದ ಒಂದು ಮಾರು ದೂರ ಇಟ್ಟು ಕಾದಿರಿ. ಆಮೇಲೆ ಬಲದ ಮುಚ್ಚಿಗೆಯ (ಬಾರಿಸುವ ಚರ್ಮದ ಮುಖದ) ಅಂಚಿಗೆ ಎದುರುಬದುರಾಗಿ ಸಣ್ಣ ಸಣ್ಣ ಪೆಟ್ಟು. ಒಂದೇ ಬದಿಗೆ ಹೊಡೆದರೆ ಬಿಗಿ ಹೆಚ್ಚುಕಡಿಮೆಯಾಗಿ ನಾದ ಒಡೆದು ಕೇಳುತ್ತದೆ. ಅದು ಗೊತ್ತಿದ್ದ ಕೈ ನಿಮ್ಮದು. ಮಂಗಳದವರೆಗೂ ಆಟ ನಿಲ್ಲಲಿಲ್ಲ.

ಮುಂದಿನ ತಿರುಗಾಟದಲ್ಲಿ ನಿಮ್ಮೂರಿಗೆ ಬಂದಾಗ ದಯವಿಟ್ಟು ಚೌಕಿಗೆ ಬನ್ನಿ, ಪೂಜೆಯ ಪ್ರಸಾದ ತೆಗೆದಿಟ್ಟಿರುತ್ತೇವೆ.